ಸವಳಿನ ಪಾಲು

ಅನುಮಾನಪಡದೆ ಕುಬೇರಪ್ಪನಿಗೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಚಹಾ ಕೊಟ್ಟವರು ಸಕ್ಕರೆ ಯಾಕೆ ಹೆಚ್ಚು ಹಾಕಿದರು ಎಂದು ಯೋಚಿಸುವ ಮನುಷ್ಯ. ಇವತ್ತಂತೂ ಕಾರಟಗಿ ಸೀಮೆಯ ಅವರ ಒಂಬತ್ತು ಎಕರೆ ಪಾಲಾಗುವ ದಿನ.

ಹಿರಿಯ ಮಗ ಪಾಲು ಹಾಕಬೇಕು, ಎಲ್ಲರಿಗಿಂತ ಕಿರಿಯರು ಮೊದಲು ಆರಿಸಬೇಕು, ಉಳಿದದ್ದು ಹಿರಿಯನಿಗೆ. ಇದು ಅವರ ಮನೆತನದ ಪದ್ಧತಿ. ಹಾಕುವವನು ಮೋಸ ಮಾಡಬಾರದೆಂದೇ ಹಿರಿಯರು ಹೀಗೆ ಕಟ್ಟುಮಾಡಿದ್ದರು. ಆದರೆ ಇಪ್ಪತ್ತು ವರ್ಷ ಈ ಮಣ್ಣಿಗೆ ಬೆವರು ಸುರಿಸಿದವನು ತಾನು. ತಮ್ಮ ಬಸವಕುಮಾರ ಕೊಪ್ಪಳದ ಕಚೇರಿಯಲ್ಲಿ ಫ್ಯಾನಿನ ಕೆಳಗೆ ಕೂತವನು. ಮೊದಲು ಹುಟ್ಟಿದ್ದಕ್ಕೆ ತನಗೊಂದಿಷ್ಟು ಹೆಚ್ಚು ಬೇಡವೇ?

ಕಾಲುವೆ ಪಕ್ಕದ ಮೂರು ಎಕರೆ ಸವಳಾಗಿ, ಬಿತ್ತಿದ್ದು ಮೇಲೇಳುತ್ತಿರಲಿಲ್ಲ. ಬಿಳಿ ಉಪ್ಪು ಕಾಣದಂತೆ ಕುಬೇರಪ್ಪ ಅದರ ಮೇಲೆ ಕೆರೆಯ ಹೂಳು ಹೊಡೆಸಿದ್ದ. ನೀರು ಹತ್ತಿರವೆಂದು ತಮ್ಮ ಅದನ್ನೇ ಬಾಯಿಬಿಟ್ಟು ಕೇಳುತ್ತಾನೆ. ಅಳವಂಡಿಗೆ ಕೊಟ್ಟ ತಂಗಿ ವಿರೂಪಾಕ್ಷಮ್ಮ ಹಕ್ಕು ಬಿಟ್ಟು ಸಹಿ ಹಾಕುತ್ತಾಳೆ, ಅವಳ ಪಾಲೂ ತನಗೇ. ಆಗ ನಡುವಿನ ತುಂಡೂ ಬಾವಿ ಇರುವ ಕಪ್ಪು ಮಣ್ಣಿನ ಹೊಲವೂ ತನ್ನವು. ಅದಕ್ಕೆಂದೇ ಇಳಕಲ್ ಸೀರೆ ತಂದಿಟ್ಟಿದ್ದ.

ತಂಗಿ ಸೀರೆ ಸವರಿ ನೋಡಿ ಪಕ್ಕಕ್ಕಿಟ್ಟಳು.

“ಸೀರಿ ಛಲೋ ಐತಿ ಅಣ್ಣಾ. ಆದ್ರ ಸಹಿ ಮಾಡಂಗಿಲ್ಲ. ನಾನೂ ಈ ಮನ್ಯಾಗ ಹುಟ್ಟೀನಿ.”

ಪಂಚರ ಹಿರಿಯ ಗಾಳೆಪ್ಪ ತಲೆಯಾಡಿಸಿದ. “ಖರೆ ಐತಿ. ಕಿರಿಯಾಕಿ ಈಕೀನ. ಮೊದ್ಲ ಈಕೀನ ಆರಿಸ್ಲಿ.”

ಎಲ್ಲರೂ ಹೊಲಕ್ಕೆ ನಡೆದರು. ವಿರೂಪಾಕ್ಷಮ್ಮ ನೇರ ಕಾಲುವೆ ಹೊಲಕ್ಕೆ ಹೋಗಿ ಬೇವಿನ ಮರದ ಬುಡದಲ್ಲಿ ನಿಂತಳು. ಅಲ್ಲಿ ಅವ್ವನ ಸಮಾಧಿ. ಉಳುಮೆಗೆ ಅಡ್ಡವೆಂದು ಕುಬೇರಪ್ಪ ವರ್ಷವೂ ಬೈದುಕೊಳ್ಳುತ್ತಿದ್ದ ಕಲ್ಲು ಅದೇ. ಅವಳು ಬಗ್ಗಿ, ಹೂಳನ್ನು ಕೆದರಿ, ಒಳಗಿನ ಮಣ್ಣನ್ನು ಚಿಟಿಕೆಯಷ್ಟು ನಾಲಿಗೆಗೆ ಹಚ್ಚಿ ಉಗುಳಿದಳು. ಹೂಳಿನ ಗುಟ್ಟು ಬಯಲಾಯಿತು ಎಂದುಕೊಂಡ ಕುಬೇರಪ್ಪ.

“ನನಗ ಇದ ಇರ್ಲಿ,” ಎಂದಳು.

ಅಲ್ಲಿಗೆ ಅವನು ಕುಣಿದಾಡಬೇಕಿತ್ತು. ಬಾವಿ ಇರುವ ಎರೆಹೊಲ ಇನ್ನೂ ಯಾರ ಪಾಲಿಗೂ ಹೋಗಿರಲಿಲ್ಲ. ಆದರೆ ಉಪ್ಪು ನೆಕ್ಕಿ ನೋಡಿಯೂ ಅದನ್ನೇ ಕೇಳುತ್ತಾಳೆಂದರೆ ಏನೋ ಇದೆ. ಹೋದ ವಾರ ಕಾಲುವೆ ದಂಡೆಯಲ್ಲಿ ಯಾರೋ ಜೀಪು ನಿಲ್ಲಿಸಿ ಅಳತೆ ಮಾಡುತ್ತಿದ್ದರು. ರಸ್ತೆ ಬರುತ್ತದೋ, ಸೋಲಾರ್ ಕಂಪನಿಯೋ? ಬಸವಕುಮಾರ ಕಚೇರಿಯಲ್ಲಿರುವವನು, ಅವನಿಗೆ ಗೊತ್ತಿರುತ್ತದೆ. ನೋಡು, ತುಟಿ ಪಿಟಕ್ಕೆನ್ನದೆ ನೆಲ ನೋಡುತ್ತಿದ್ದಾನೆ. ಇಬ್ಬರೂ ಒಂದಾಗಿದ್ದಾರೆ.

“ಯಾಕವಾ, ಇದ ಯಾಕ?”

“ಬೇಕಾಗೇತಿ ಅಣ್ಣಾ.”

ಅಷ್ಟೇ ಸಾಕಾಯಿತು. “ಬ್ಯಾಡ ತಂಗಿ. ಬಾವಿ ಹೊಲ ನೀ ತೊಗೊ. ಇದು ನನಗಿರ್ಲಿ.”

“ಮತ್ತ ಮಾತು ತಿರುಗಿಸಬಾರ್ದು ನೋಡು,” ಎಂದ ಗಾಳೆಪ್ಪ.

“ತಿರುಗಿಸಂಗಿಲ್ರಿ. ಈಗ ಬರೀರಿ.”

ಬರೆದರು. ಕುಬೇರಪ್ಪ ಎಲ್ಲರಿಗಿಂತ ಮೊದಲು ಸಹಿ ಹಾಕಿದ. ನಡುವಿನ ತುಂಡು ಬಸವಕುಮಾರನ ಪಾಲಿಗೆ ಬಂತು. ತನಗೆ ಯಾವುದಾದರೂ ಆದೀತೆಂದು ಅವನು ಹೂಂ ಅಂದು ಬಸ್ಸು ಹಿಡಿಯಲು ಹೊರಟುಹೋದ.

ಪಂಚರೂ ಹೋದ ಮೇಲೆ ವಿರೂಪಾಕ್ಷಮ್ಮ ಚೀಲದಿಂದ ಊದಿನಕಡ್ಡಿ ತೆಗೆದಳು. ಅವಳ ಕಣ್ಣುಗಳು ತುಂಬಿದ್ದವು.

“ಸವಳಂತ ಗೊತ್ತಾತು ಅಣ್ಣಾ. ಬ್ಯಾರೆ ಯಾರ ಕೈಗೆ ಹೋದ್ರೂ ಅವ್ವನ ಕಲ್ಲು ಕಿತ್ತು ಒಗೀತಾರ ಅಂತ ಹೆದರಿ ಕೇಳಿದ್ದೆ. ನಿನಗೂ ಅದ ಚಿಂತಿ ಇತ್ತು ಅಂತ ನನಗ ತಿಳೀಲಿಲ್ಲ. ಬಾವಿ ಹೊಲ ಬಿಟ್ಟುಕೊಟ್ಟು ಅವ್ವನ್ನ ಇಟ್ಕೊಂಡಿ. ಅದಕ್ಕ ಹೂಳೂ ಹೊಡಿಸೀಯಲ್ಲ.”

ಕುಬೇರಪ್ಪ ಅವಳ ಮುಖದಲ್ಲಿ ಕೊಂಕು ಹುಡುಕಿದ. ಇದ್ದಿದ್ದರೆ ಬದುಕಿದೆ ಎನ್ನುತ್ತಿದ್ದ. ಎಷ್ಟು ಹುಡುಕಿದರೂ ಸಿಗಲಿಲ್ಲ.

ಅವಳು ಕಡ್ಡಿಪೆಟ್ಟಿಗೆ ಚಾಚಿದಳು. “ಹಿರಿಯಾಂವ ನೀನ. ಮೊದ್ಲ ನೀನ ಹಚ್ಚು.”

ಮೂರು ಕಡ್ಡಿ ಗೀರಿದರೂ ಅವನಿಂದ ಹಚ್ಚಲಾಗಲಿಲ್ಲ.