ಹೊತ್ತು ಮುಳುಗಿದ ಮೇಲೆ ಹುಟ್ಟಿದವನು

ವೆನಿಂಗ್ ನನ್ನ ತಂಗಿಯ ಮಗಳು, ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಅದೇನು ಕಳ್ಳತನವೇ? ನಮ್ಮ ಕ್ಲಾತೆನ್ ಊರಿನ ಹೆಂಗಸರನ್ನು ಕೇಳಿದರೆ ಹೆಚ್ಚೂಕಡಿಮೆ ಹಾಗೇ. "ಅಯ್ಯೋ, ಲೆಕ್ಕದೋಳಾ? ನಂಗಂತೂ ಲೆಕ್ಕ ಅಂದ್ರೆ ತಲೆನೋವು ತಾಯಿ," ಎಂದು ನಗುತ್ತಾರೆ, ಲೆಕ್ಕ ಬಾರದಿರುವುದೇ ಒಂದು ಒಡವೆ ಎನ್ನುವ ಹಾಗೆ. ನನ್ನ ಹತ್ತಿರ ಬಟ್ಟೆ ಹೊಲಿಸಲು ಬಂದವರು ಅವಳನ್ನು ಕಂಡರೆ ಮಾತು ನಿಲ್ಲಿಸುತ್ತಾರೆ. "ನಿಮ್ಮುಡುಗಿ ಮನಸ್ಸಲ್ಲೇ ನಮ್ಮನ್ನೂ ಭಾಗಿಸ್ತಿರ್ತಾಳೆ ಅನ್ಸುತ್ತೆ ಕಣ್ರೀ." ತಾಯಿಯಿಲ್ಲದ ಅವಳನ್ನು ಸಾಕಿದವಳು ನಾನು, ನನಗೆ ಗೊತ್ತು ಅವಳ ಮನಸ್ಸು. ಮೂವತ್ತು ದಾಟಿತು. ನೋಡಲು ಬಂದ ಗಂಡುಗಳೆಲ್ಲ ಒಂದು ಲೋಟ ಟೀ ಕುಡಿದು ಕಾಲ್ತೆಗೆದವರೇ.

ನಿಂತವನು ಲುಕಿತೊ ಒಬ್ಬನೇ. ಶಾಲೆಯ ಬೆಂಚು ರಿಪೇರಿಗೆ ಬಂದಿದ್ದ ಬಡಗಿ. ಅಂಕೆ ಕಂಡರೆ ಅವನ ಕೈ ಬೆವರುತ್ತದೆ. ಚಿಕ್ಕಂದಿನಲ್ಲಿ ಮೇಷ್ಟ್ರು ಅವನನ್ನು ಬೋರ್ಡಿನ ಮುಂದೆ ನಿಲ್ಲಿಸಿ ಇಡೀ ತರಗತಿಯನ್ನು ನಗಿಸುತ್ತಿದ್ದರಂತೆ. ಅದಕ್ಕೇ ಅಳತೆಪಟ್ಟಿ ಮುಟ್ಟುವುದಿಲ್ಲ, ದಾರಕ್ಕೆ ಗಂಟು ಹಾಕಿ ಮರ ಅಳೆಯುತ್ತಾನೆ. ಅವನು ಮಾಡಿದ ಕುರ್ಚಿ ಒಂದೂ ಅಲ್ಲಾಡುವುದಿಲ್ಲ. ಅವನ ದಾರ ನೋಡಿ ವೆನಿಂಗ್ ನಗಲಿಲ್ಲ, ಅಷ್ಟಕ್ಕೇ ಅವಳಿಗೆ ಮರುಳಾದ. ಅವಳೂ ಕಡಿಮೆಯಿಲ್ಲ. ಅವನ ಓಡಾಟ ಶುರುವಾದ ಮೇಲೆ ನಮ್ಮ ಅಡುಗೆಮನೆಯಲ್ಲಿ ಹಾಡು ಕೇಳಿಸತೊಡಗಿತು.

ಉಳಿದದ್ದು ವೆತೊನ್ ಲೆಕ್ಕ ಒಂದೇ. ನಮ್ಮಲ್ಲಿ ಏಳು ವಾರಗಳಿಗೂ ಐದು ಸಂತೆದಿನಗಳಿಗೂ ಒಂದೊಂದು ಅಂಕೆ ಉಂಟು. ಗಂಡು ಹೆಣ್ಣು ಹುಟ್ಟಿದ ದಿನದ ಅಂಕೆಗಳನ್ನು ಕೂಡಿಸಿ, ಜೋಡಿ ಬಾಳುವುದೋ ಇಲ್ಲವೋ ಎಂದು ಹೇಳುತ್ತಾರೆ. ಲುಕಿತೊನ ತಾಯಿ, ನಾವು ಗೌರವದಿಂದ ಬು ಎಂದು ಕರೆಯುವ ನಾರ್ಸಿಹ್, ಮನೆಯಲ್ಲೇ ಕೂಡಿಸಿಕೊಂಡು, ಮಗ ಮಗಳೊಂದಿಗೆ ಬಂದರು. ತಟ್ಟೆಯಲ್ಲಿದ್ದ ಲೆಂಪರ್ ತಿಂಡಿ ಮುಟ್ಟಲಿಲ್ಲ.

"ಇಪ್ಪತ್ತೇಳು ಬಂತು," ಎಂದರು. "ಪೆಗತ್. ದೂರವಾಗೋ ಜೋಡಿ. ನಾನೇನ್ ಮಾಡ್ಲಿ ಹೇಳಿ."

ಪೆಗತ್ ಬಂದರೆ ಮದುವೆ ಇಲ್ಲ.

ವೆನಿಂಗ್ ಮೆಲ್ಲಗೆ ಕೇಳಿದಳು, "ಇವ್ರು ಹುಟ್ಟಿದ್ದು ಎಷ್ಟೊತ್ತಿಗೆ ಬು?"

"ಮಂಗಳವಾರ ಸಂಜೆ. ಮಗ್ರಿಬ್ ಆಜಾನ್ ಮುಗಿದು ದೀಪ ಹಚ್ಚಿದ್ರು, ಆಗ ಹುಟ್ಟಿದ."

"ಹಾಗಾದ್ರೆ ಇವ್ರು ಬುಧವಾರದೋರು. ಹೊತ್ತು ಮುಳುಗಿದ್ರೆ ನಮ್ಗೆ ಮಾರನೇ ದಿನ ತಾನೆ? ನೀವು ಜನನಪತ್ರದ ತಾರೀಖು ಹಿಡಿದಿದ್ದೀರಿ. ಬುಧವಾರ, ಪೊನ್ ಸಂತೆ, ಸೇರಿ ಹದಿನಾಲ್ಕು, ನಂದು ಹದಿನೈದು, ಇಪ್ಪತ್ತೊಂಬತ್ತು. ರಾತು ಬಂತು ಬು. ರಾಜ ರಾಣಿ ಥರ ಬಾಳೋ ಜೋಡಿ."

ಒಂದೇ ಉಸಿರಿಗೆ ಹೇಳಿದಳು. ಮುಖ ಅರಳಿತ್ತು, ಪಾಪ.

ಬು ನಾರ್ಸಿಹ್ ಮುಖ ಕಪ್ಪಿಟ್ಟಿತು. ಹೊತ್ತು ಮುಳುಗಿದರೆ ದಿನ ಬದಲಾಗುವುದು ಆಕೆಗೆ ಗೊತ್ತಿಲ್ಲದ್ದೇನಲ್ಲ, ಕೂಡಿಸುವ ಗಾಬರಿಯಲ್ಲಿ ಮರೆತಿದ್ದರು. ಅದನ್ನು ಸೊಸೆಯಾಗುವವಳ ಬಾಯಿಂದ ಕೇಳಬೇಕಾಯಿತು.

"ನೋಡಿದ್ರಾ, ಇನ್ನೂ ಹೊಸ್ತಿಲು ತುಳಿದಿಲ್ಲ, ಆಗ್ಲೇ ನಂಗೇ ಪಾಠ. ನಾಳೆ ಸಾರಿಗೆ ಉಪ್ಪು ಹಾಕಿದ್ರೂ ಲೆಕ್ಕ ಕೇಳ್ತಾಳೆ."

ನಾನು ಸುಮ್ಮನಿರುವ ಪೈಕಿಯವಳಲ್ಲ. "ತಪ್ಪು ಸಿಕ್ಕಿದ್ದೇ ಒಳ್ಳೇದಾಯ್ತಲ್ಲ ಬು. ಮದುವೆ ಉಳೀತು," ಎಂದೆ.

ಆಕೆ ಮಗನತ್ತ ತಿರುಗಿದರು. "ಸರಿ. ಅವ್ಳ ಮಾತೂ ಬೇಡ, ನನ್ನ ಮಾತೂ ಬೇಡ. ನೀನೇ ಕೂಡಿಸಿ ಹೇಳು. ನಿನ್ನ ಬಾಯಲ್ಲಿ ಇಪ್ಪತ್ತೊಂಬತ್ತು ಅಂತ ಬರ್ಲಿ, ಉಂಗುರ ಈಗ್ಲೇ ಹಾಕ್ತೀನಿ."

ಎಲ್ಲರೂ ಅವನನ್ನೇ ನೋಡಿದೆವು. ಉತ್ತರ ಆಗಲೇ ಹೇಳಿ ಆಗಿತ್ತು, ಗಿಳಿಯ ಹಾಗೆ ಒಪ್ಪಿಸಿದ್ದರೂ ಸಾಕಿತ್ತು. ಹೇಳೋ ಮಾರಾಯ, ಹೇಳು, ಎಂದು ನಾನು ಒಳಗೊಳಗೇ ಬೇಡಿಕೊಂಡೆ. ಅವನ ಹಣೆಯಲ್ಲಿ ಬೆವರು ಮೂಡಿತು.

"ಬುಧವಾರ..." ಎಂದು ನಿಲ್ಲಿಸಿದ.

"ಹೂಂ, ಆಮೇಲೆ?" ತಾಯಿ ನಕ್ಕರು. ಅವನ ಅಕ್ಕನೂ ಬಾಯಿಗೆ ಕೈಯಿಟ್ಟು ಕಿಸಕ್ಕೆಂದಳು.

ಲುಕಿತೊ ನೆಲ ನೋಡಿದ. "ನಂಗೆ ಗೊತ್ತಾಗಲ್ಲ. ಅಮ್ಮ ಹೇಳಿದ್ದೇ ಇರ್ಲಿ."

"ನಮ್ಮ ವಂಶಕ್ಕೇ ಲೆಕ್ಕ ಹತ್ತಲ್ಲ," ಎಂದು ಬು ನಾರ್ಸಿಹ್ ಎದ್ದರು. "ನಿಮ್ಮುಡುಗಿಗೆ ನಮ್ಮಂಥ ದಡ್ಡರ ಮನೆ ಯಾಕೆ?" ಲುಕಿತೊ ಬಾಗಿಲಲ್ಲಿ ಚಪ್ಪಲಿ ಹುಡುಕುವ ನೆಪದಲ್ಲಿ ಬಹಳ ಹೊತ್ತು ಬಗ್ಗಿ ನಿಂತಿದ್ದ. ವೆನಿಂಗ್ ಕೂತಲ್ಲಿಂದ ಏಳಲಿಲ್ಲ.

ಅವರು ಹೋದ ಮೇಲೆ ನನಗೆ ತಡೆಯಲಾಗಲಿಲ್ಲ. "ಗಂಡಸಾ ಅವ್ನು? ಒಂದು ಅಂಕೆ ಹೇಳೋಕೆ ನಾಲಿಗೆ ಬಿದ್ದುಹೋಗಿತ್ತಾ?"

"ಬೈಬೇಡಿ ದೊಡ್ಡಮ್ಮ. ಕೂಡಿಸಿದ್ರು. ಮೇಜಿನ ಕೆಳಗೆ ಬೆರಳು ಮಡಿಸ್ತಿದ್ದದ್ದು ನಾನು ನೋಡ್ದೆ. ಸರಿಯಾಗೇ ಬಂದಿತ್ತು. ಅವ್ರಮ್ಮ ನಕ್ರಲ್ಲ, ಆಗ ಹೋಯ್ತು. ಕ್ಲಾಸಲ್ಲಿ ದಿನಾ ನೋಡ್ತೀನಿ ಇದನ್ನ."

"ಅಲ್ಲೇನ್ ಮಾಡ್ತೀಯ ಮತ್ತೆ?"

"ನಗೋರನ್ನ ಸುಮ್ಮನಿರಿಸ್ತೀನಿ. ಆಮೇಲೆ ಕಾಯ್ತೀನಿ. ಹೇಳೇ ಹೇಳ್ತಾರೆ." ಅವಳ ದನಿ ಒಡೆಯಿತು. "ಇವತ್ತು ನಂಗೂ ಬಾಯಿ ಬರ್ಲಿಲ್ಲ ದೊಡ್ಡಮ್ಮ. ಇನ್ನೊಂದು ಮಾತಾಡಿದ್ರೆ ಇನ್ನೂ ಜಾಣೆ ಅಂತಾರೇನೋ ಅಂತ ಹೆದರಿ ಕೂತೆ."

ಅಷ್ಟು ಹೇಳಿ ನನ್ನ ಮಡಿಲಿಗೆ ತಲೆಯಿಟ್ಟಳು. ತಾಯಿ ಸತ್ತ ದಿನ ಅತ್ತ ಹಾಗೆ ಅತ್ತಳು. ಬಾಯಿಬಡುಕಿ ಎಂದು ಊರೆಲ್ಲ ಹೆಸರಾದ ನಾನು ಅವಳ ತಲೆ ಸವರುತ್ತ ಕೂತೆ.