ಮತ್ತೆ ಮೊದಲಿಂದ

ಪಿಟೀಲು ಟೀಚರ ಕೋಣೆಯಲ್ಲಿ ಪಿಟೀಲಿಗಿಂತ ಪೆನ್ಸಿಲಿನದೇ ದರ್ಬಾರು. ಒಂದು ಸ್ವರ ತಪ್ಪಿದರೂ ಅದು ಮೇಜಿಗೆ ಟಕ್ ಎಂದು ಬಡಿಯಬೇಕು, ಮಕ್ಕಳು ಅಲ್ಲಿಗೇ ನಿಲ್ಲಿಸಿ ಮೊದಲಿಂದ ಶುರುಮಾಡಬೇಕು. ಕಪಾಟು ತುಂಬ ಟ್ರೋಫಿಗಳು ಬಂದದ್ದು ಹೀಗೆಯೇ. ಬಂದವರೆಲ್ಲ ಮೂಗಿನ ಮೇಲೆ ಬೆರಳಿಡುತ್ತಿದ್ದರು. ಅವುಗಳ ಧೂಳು ಒರೆಸಿದಷ್ಟು ಅಕ್ಕರೆಯಿಂದ ಟೀಚರು ಯಾವ ಮಗುವಿನ ತಲೆಯನ್ನೂ ಸವರಿದವರಲ್ಲ.

ಆ ಟ್ರೋಫಿಗಳಲ್ಲಿ ಅರ್ಧದಷ್ಟು ಗೆದ್ದವಳು ಅವರ ಅಣ್ಣನ ಮಗಳು. ಹದಿನಾಲ್ಕನೇ ವಯಸ್ಸಿನಲ್ಲಿ, ದೊಡ್ಡ ಸ್ಪರ್ಧೆಯ ಕೊನೆಯ ಸುತ್ತಿನಲ್ಲಿ ಅವಳು ನುಡಿಸುತ್ತಿದ್ದಾಗ, ತೀರ್ಪುಗಾರರೊಬ್ಬರ ಕೈಯಿಂದ ಪೆನ್ಸಿಲು ಜಾರಿ ಮೇಜಿಗೆ ಬಡಿಯಿತು. ಹುಡುಗಿ ತಕ್ಷಣ ನಿಲ್ಲಿಸಿ ಮೊದಲಿಂದ ಶುರುಮಾಡಿದಳು. ತಪ್ಪೇನೂ ಆಗಿರಲಿಲ್ಲ. ಯಾರೋ ನಕ್ಕರು. ಹಾಡಿನ ಅದೇ ಜಾಗಕ್ಕೆ ಬಂದು ಮತ್ತೆ ನಿಂತಳು, ಮತ್ತೆ ಶುರುಮಾಡಿದಳು. ಮೂರನೇ ಸಲ ಗಂಟೆ ಬಾರಿಸಿ ಕೆಳಗಿಳಿಸಿದರು. ಪರದೆಯ ಹಿಂದೆ ಅತ್ತೆ ಅವಳನ್ನು ತಬ್ಬಿಕೊಳ್ಳಲಿಲ್ಲ, ನನ್ನ ಮಾನ ಕಳೆದೆ ಎಂದರು. ಅವಳು ಪಿಟೀಲು ಮುಟ್ಟಿದ್ದು ಅದೇ ಕೊನೆ.

ಇಪ್ಪತ್ತು ವರ್ಷದ ಮೇಲೆ ಈಗ ಅವಳ ಮಗಳು, ಅಮ್ಮ ಬೇಡವೆಂದರೂ ಹಟ ಹಿಡಿದು, ಕಲಿಯಲು ಬರುತ್ತಿದ್ದಳು. ಈ ಮಗುವನ್ನೂ ಸ್ಪರ್ಧೆಗೆ ಕಳಿಸಬೇಕೆಂದು ಟೀಚರು ಒಳಗೊಳಗೇ ಲೆಕ್ಕ ಹಾಕಿದ್ದರು. ಹುಟ್ಟುಗುಣ ಎಲ್ಲಿ ಹೋಗುತ್ತದೆ?

ಒಂದು ಸಂಜೆ ಪಾಠ ಮುಗಿದ ಮೇಲೆ ಮಗು ತನ್ನಷ್ಟಕ್ಕೆ ಏನನ್ನೋ ನುಡಿಸತೊಡಗಿತು. ಅದು ಆ ಸ್ಪರ್ಧೆಯ ದಿನದ ಹಾಡು. ಅಂದಿನಿಂದ ಅದನ್ನವರು ಯಾರಿಗೂ ಕಲಿಸಿರಲಿಲ್ಲ. ಸರಿಯಾಗಿ ಆ ಜಾಗಕ್ಕೇ ಬಂದು ಕಮಾನು ನಿಂತಿತು. ಟೀಚರು ತಮ್ಮ ಕೈ ನೋಡಿಕೊಂಡರು. ಕೈಯಲ್ಲಿ ಪೆನ್ಸಿಲು ಇರಲಿಲ್ಲ.

ಯಾಕೆ ನಿಲ್ಲಿಸಿದೆ ಎಂದು ಕೇಳಿದರು.

"ಮುಂದಿಂದು ಗೊತ್ತಿಲ್ಲ ಅಜ್ಜಿ. ಅಮ್ಮ ಪಾತ್ರೆ ತೊಳೀತಾ ಇಲ್ಲೀವರೆಗೇ ಗುನುಗೋದು. ಆಮೇಲೆ ಮತ್ತೆ ಮೊದಲಿಂದ. ನಿದ್ದೇಲೂ ಅಷ್ಟೇ. ನೀವು ಮುಂದಿಂದು ಹೇಳಿಕೊಟ್ರೆ ನಾನು ಅಮ್ಮಂಗೆ ಕಲಿಸ್ತೀನಿ. ಅದಕ್ಕೇ ನಾನು ಬರ್ತಿರೋದು."

ಟೀಚರಿಗೆ ನಾಚಿಕೆಯಾಯಿತು. ಸ್ಪರ್ಧೆ ಮನೆ ಹಾಳಾಗಲಿ ಎಂದುಕೊಂಡರು. ಪೆನ್ಸಿಲನ್ನು ಡ್ರಾಯರಿಗೆ ಹಾಕಿ ಬೀಗ ಜಡಿದು, ಪಿಟೀಲು ಎತ್ತಿಕೊಂಡರು. ಹಾಡು ಅವರಿಗೆ ನೀರು ಕುಡಿದಷ್ಟು ಸುಲಭ. ಮಗು ಕಣ್ಣರಳಿಸಿ ಎದುರು ಕೂತಿತು. ಆ ಜಾಗ ಬಂತು.

ಟಕ್.

ಕಮಾನು ನಿಂತುಹೋಯಿತು. ಡ್ರಾಯರಿನ ಬೀಗ ಹಾಕಿದಂತೆಯೇ ಇತ್ತು.

"ಏನೂ ತಪ್ಪಾಗ್ಲಿಲ್ವಲ್ಲ ಅಜ್ಜಿ," ಎಂದಿತು ಮಗು.

ಟೀಚರು ಮತ್ತೆ ಮೊದಲಿಂದ ಶುರುಮಾಡಿದರು.