ಅಪ್ಪನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ

ಮಲಾಕ್ಕಾದ ಚೀನಿಯರ ದೊಡ್ಡ ಮನೆಗಳಲ್ಲಿ ಗಂಡು ಅತಿಥಿಗಳು ಬಂದಾಗ ಮದುವೆಯಾಗದ ಹುಡುಗಿಯರು ಹಜಾರಕ್ಕೆ ಇಳಿಯುವಂತಿಲ್ಲ. ಅದಕ್ಕೆ ಬದಲಾಗಿ ಮಹಡಿಯ ನೆಲದಲ್ಲಿ ಅಂಗೈಯಗಲದ ಕಿಂಡಿಯೊಂದನ್ನು ಅವರಿಗೆ ಕೊಟ್ಟಿರುತ್ತಾರೆ. ಮುಚ್ಚಿದ ಹಲಗೆ ಸರಿಸಿ ಬೋರಲು ಮಲಗಿದರೆ ಕೆಳಗಿನ ಲೋಕವೆಲ್ಲ ನೆತ್ತಿಯ ಕಡೆಯಿಂದ ಕಾಣುತ್ತದೆ. ಗೆಕ್ ಲಿಯನ್ ಅಂದು ತನ್ನ ಅಣ್ಣ ಟೆಕ್ ಹೋನನ್ನು ಹಾಗೆಯೇ ನೋಡುತ್ತಿದ್ದಳು. ಅಲ್ಲಿಂದ ನೋಡಿದರೆ ಅವನೆಂದರೆ ಎಣ್ಣೆ ಮೆತ್ತಿದ ಒಂದು ಬೈತಲೆ, ಅದರ ಕೆಳಗೆ ಎರಡು ಬೂಟಿನ ತುದಿ. ಇಂಗ್ಲಿಷ್ ಶಾಲೆ ಹತ್ತಾರು ವರ್ಷ ತಿದ್ದಿ ತೀಡಿ ಕೊಟ್ಟದ್ದು ಇಷ್ಟೇ ಎಂದು ಅವಳಿಗೆ ಅನಿಸಿತು.

ಅಪ್ಪ ತೀರಿಕೊಂಡು ವರ್ಷ ತುಂಬಿದ ದಿನ ಅದು. ಹಿರಿಯರ ಪೀಠದ ಮುಂದಿನ ಉದ್ದ ಮೇಜಿನ ಮೇಲೆ ಅವನಿಗೆ ಇಷ್ಟವಾದದ್ದೆಲ್ಲ ಇತ್ತು: ಕೆಲುವಾಕ್ ಬೀಜ ಹಾಕಿ ಕಪ್ಪಗೆ ಕುದಿಸಿದ ಕೋಳಿಸಾರು, ಹುಳಿಮೀನು, ತೆಂಗಿನಹಾಲಿನ ಸಿಹಿ. ಸತ್ತವರು ಊದುಬತ್ತಿಯ ಹೊಗೆಯನ್ನು ಹಗ್ಗದಂತೆ ಹಿಡಿದು ಇಳಿದು ಬರುತ್ತಾರೆ, ದಾರಿಯಲ್ಲಿ ಕೈ ಜಾರದಿರಲಿ ಎಂದು ಮನೆಯವರು ಉಸಿರು ಸಣ್ಣಗೆ ಬಿಡಬೇಕು ಎಂದು ಅಜ್ಜಿ ಹೇಳುತ್ತಿದ್ದಳು. ಲಿಯನ್ ಈಗಲೂ ಸಣ್ಣಗೇ ಉಸಿರಾಡುತ್ತಿದ್ದಳು. ಅವನಿಗೆಂದು ಬಿಟ್ಟ ಖಾಲಿ ಕುರ್ಚಿಯಲ್ಲಿ ಅಪ್ಪ ಕುಳಿತು ಊಟಕ್ಕೆಂದು ಅಂಗಿಯ ತೋಳು ಮಡಚಿಕೊಂಡದ್ದು ಅವಳಿಗೆ ಕಂಡೂ ಆಗಿತ್ತು.

ಊಟದ ನಡುವೆ ಅಪ್ಪನನ್ನು ಏನಾದರೂ ಕೇಳುವುದಿದ್ದರೆ ಹಿರಿಯ ಮಗ ಕೇಳಿ, ಎರಡು ತಾಮ್ರದ ಕಾಸು ಎಸೆಯಬೇಕು. ಒಂದು ಮುಖ, ಒಂದು ಬೆನ್ನು ಬಿದ್ದರೆ ಹೂಂ. ಎರಡೂ ಒಂದೇ ಥರ ಬಿದ್ದರೆ ಊಹೂಂ. ಅಮ್ಮ ಈ ಸಲ ಕೇಳಿಸಬೇಕೆಂದಿದ್ದದ್ದು ಲಿಯನ್‌ಳ ಮದುವೆಯ ವಿಷಯ.

"ನಿಮ್ಮಪ್ಪ ಹೂಂ ಅಂದ್ರೆ ಮುಂದಿನ ತಿಂಗ್ಳೇ ಮುಗಿಸಿಬಿಡೋಣ. ಊಹೂಂ ಅಂದ್ರೆ ಆ ಮಾತು ಅಲ್ಲಿಗೇ ಬಿಡೋದು. ನೀನಂತೂ ಬಾಯಿ ಹಾಕ್ಬೇಡ," ಎಂದು ಬೆಳಿಗ್ಗೆಯೇ ಅವಳಿಗೆ ಹೇಳಿದ್ದಳು.

ವರ ಅಣ್ಣನ ಸಹಪಾಠಿ ಸ್ಯೂ ಗ್ವಾನ್. ಅವನ ಬಗ್ಗೆ ಲಿಯನ್‌ಗೆ ಗೊತ್ತಿದ್ದ ಕತೆ ಒಂದೇ, ಅದೇ ಸಾಕಾಗಿತ್ತು. ಅವನ ತಾಯಿ ಒಂದು ದಿನ ಊಟದ ಬುತ್ತಿ ಹಿಡಿದು ಶಾಲೆಯ ಗೇಟಿಗೆ ಹೋದಾಗ ಅವನು ದೊರೆಮಕ್ಕಳ ಮುಂದೆ, ಅವಳು ನಮ್ಮ ಮನೆ ಅಡುಗೆಯವಳು ಎಂದನಂತೆ. ಅಣ್ಣ ಅದನ್ನು ಊಟಕ್ಕೆ ಕುಳಿತು ಹೇಳಿ ಹೊಟ್ಟೆ ಹಿಡಿದು ನಕ್ಕಿದ್ದ. "ಎಂಥ ಸಮಯಸ್ಫೂರ್ತಿ ಅಂತೀಯಾ," ಎಂದಿದ್ದ. ಅಮ್ಮ ಅವನ ತಟ್ಟೆಗೆ ಇನ್ನೊಂದು ತುಂಡು ಮೀನು ಹಾಕಿದ್ದಳು.

ಈಗ ಅಣ್ಣ ಕಾಸು ಹಿಡಿದು ನಿಂತಿದ್ದ. ಅವನ ಹಿಂದೆ ಟೋಪಿ ಕೈಯಲ್ಲಿ ಹಿಡಿದು ಅವನ ಇಂಗ್ಲಿಷ್ ಶಾಲೆಯ ಹೆಡ್‌ಮಾಸ್ಟರ್ ಪೆಂಬ್ರಿ ದೊರೆ. ಚೀನಿಯರ ಮನೆಯ ಪೂಜೆ ನೋಡಬೇಕೆಂದು ತಾನಾಗಿ ಕೇಳಿ ಬಂದಿದ್ದ. ಪುರಸಭೆಯ ಒಂದು ಕುರ್ಚಿ ಖಾಲಿಯಿತ್ತು, ಅಣ್ಣನಿಗೆ ಅದು ಸಿಗಲು ದೊರೆಯ ಒಂದು ಮಾತು ಬೇಕಿತ್ತು. ಹಾಗಾಗಿ ಅಣ್ಣನ ಬೆನ್ನು ಬೆಳಗಿನಿಂದ ಇಸ್ತ್ರಿ ಹಾಕಿದಂತಿತ್ತು.

ಅವನು ಗಂಟಲು ಸರಿಮಾಡಿಕೊಂಡು ಅಪ್ಪನನ್ನು ಇಂಗ್ಲಿಷಿನಲ್ಲಿ ಕೇಳಿದ. "ಪೂಜ್ಯ ತಂದೆಯವರೇ, ನನ್ನ ಸಹೋದರಿಯ ವಿವಾಹವನ್ನು ಶ್ರೀಮಾನ್ ಸ್ಯೂ ಗ್ವಾನ್ ಅವರೊಂದಿಗೆ ನೆರವೇರಿಸಲು ತಮ್ಮ ಸಮ್ಮತಿಯನ್ನು ಕೋರುತ್ತೇನೆ."

ಕಾಸುಗಳು ತಟ್ಟೆಯಲ್ಲಿ ತಿರುಗಿ ಬಿದ್ದವು. ಒಂದು ಮುಖ, ಒಂದು ಬೆನ್ನು.

ಲಿಯನ್ ಖಾಲಿ ಕುರ್ಚಿಯತ್ತ ನೋಡಿದಳು. ಅಪ್ಪ ಹುಬ್ಬು ಮೇಲೇರಿಸಿ, ಇವನೇನು ಬೊಗಳುತ್ತಿದ್ದಾನೆ ಎಂಬಂತೆ ಕುಳಿತಿದ್ದ. ಬಾಯಿ ಹಾಕಬಾರದೆಂಬುದು ಅವಳಿಗೆ ಮರೆತೇ ಹೋಯಿತು.

"ಅಪ್ಪಂಗೆ ಇಂಗ್ಲಿಷ್ ಎಲ್ಲಿ ಬರ್ತಿತ್ತು?" ಎಂದು ಕಿಂಡಿಗೆ ಬಾಯಿಟ್ಟು ಕೇಳಿದಳು.

ದೊರೆ ಬೆಚ್ಚಿ ಮೇಲೆ ನೋಡಿದ. ಅಣ್ಣ ನೋಡಲಿಲ್ಲ, ಅವನ ಕಿವಿಗಳು ಮಾತ್ರ ಕೆಂಪಾದವು.

ಮೂಲೆಯಲ್ಲಿ ವೀಳ್ಯ ಜಗಿಯುತ್ತಿದ್ದ ಅಮ್ಮ ಜಗಿಯುವುದನ್ನು ನಿಲ್ಲಿಸಿದಳು. "ಹೌದಲ್ಲೋ. ಅವ್ರಿಗೆ ಏನು ಅರ್ಥ ಆಗಿರತ್ತೆ? ಸಾರು ಇನ್ನೊಂದ್ಸಲ ಬಡಿಸ್ಲಾ ಅಂತ ಕೇಳಿದ್ದಾನೆ ಅಂದ್ಕೊಂಡು ಹೂಂ ಅಂದಿರ್ತಾರೆ. ಮನೆ ಮಾತಲ್ಲಿ ಕೇಳು, ಮಗನೇ."

ಮನೆಯ ಮಾತೆಂದರೆ ಅರ್ಧ ಮಲಯ, ಅರ್ಧ ಹೊಕ್ಕಿಯನ್ ಚೀನಿ. ಅಪ್ಪ ವ್ಯಾಪಾರ ಮಾಡಿದ್ದು, ಬೈದದ್ದು, ಕೊನೆಗೆ ನೀರು ಕೇಳಿದ್ದು ಎಲ್ಲ ಅದರಲ್ಲೇ.

ದೊರೆಗೆ ಏನು ನಡೆಯುತ್ತಿದೆಯೆಂದು ಅಂದಾಜಾಗಿರಬೇಕು. ಮುಖ ಅರಳಿಸಿ, "ಖಂಡಿತ, ನಿಮ್ಮ ಸ್ವಂತ ಭಾಷೆಯಲ್ಲೇ ಕೇಳಿ. ಅದನ್ನು ಕೇಳಲೆಂದೇ ನಾನು ಬಂದದ್ದು," ಎಂದ.

"ನಮಗೆ ಅಂಥ ಭಾಷೆ ಇಲ್ಲ ಸರ್," ಅಣ್ಣ ಇಂಗ್ಲಿಷಿನಲ್ಲೇ ಅಂದ. "ಹೆಂಗಸರು, ಆಳುಗಳು ಆಡುವ ಅಡುಗೆಮನೆಯ ಮಾತು ಅದು."

"ಏನಂದ?" ಅಮ್ಮ ಮೇಲೆ ನೋಡಿ ಕೇಳಿದಳು. ಅಣ್ಣ ಪಾಠ ಉರು ಹೊಡೆದದ್ದೆಲ್ಲ ಇದೇ ಕಿಂಡಿಯ ಕೆಳಗೆ, ಹಾಗಾಗಿ ಲಿಯನ್‌ಗೆ ಅರ್ಧಕ್ಕರ್ಧ ತಿಳಿಯುತ್ತಿತ್ತು.

"ನಮ್ಮದು ಆಳುಗಳ ಮಾತಂತೆ ಅಮ್ಮಾ."

ಅಮ್ಮ ಸಿಟ್ಟಾಗಲಿಲ್ಲ. ವೀಳ್ಯವನ್ನು ಇನ್ನೊಂದು ದವಡೆಗೆ ಸರಿಸಿದಳು. "ಆಗ್ಲಪ್ಪ. ಆಳು ಮಾತಲ್ಲೇ ಕೇಳು. ಒಂದೇ ಒಂದ್ಸಲ. ನೀನೇ ತಂದ ಸಂಬಂಧ ಅಲ್ವಾ? ನಿಮ್ಮಪ್ಪ ಕಾಯ್ತಾ ಕೂತಿದ್ದಾರೆ."

ಅಣ್ಣ ಕಾಸು ಎತ್ತಿಕೊಂಡು ಪೀಠದ ಕಡೆ ಮುಖವೆತ್ತಿದ. ಲಿಯನ್ ಉಸಿರು ಬಿಗಿಹಿಡಿದಳು. ನಾಲ್ಕು ಪದ ಸಾಕಿತ್ತು. ತೊಟ್ಟಿಲಲ್ಲಿ ಕಲಿತ ನಾಲ್ಕು ಪದ; ಆಡಿಬಿಟ್ಟರೆ ಕಾಸು ಮತ್ತೆ ಹಾಗೆಯೇ ಬೀಳಬಹುದಿತ್ತು, ಅವಳ ಬಾಳು ಆ ಗೇಟಿನ ಮುಂದಿನ ಅಡುಗೆಯವಳ ಬಾಳಾಗಬಹುದಿತ್ತು. ಅವನ ತುಟಿ ತೆರೆಯಿತು. ಪಕ್ಕಕ್ಕೆ ಬಂದು ನಿಂತ ದೊರೆಯ ನೀಲಿ ಕಣ್ಣು ಆ ತುಟಿಯ ಮೇಲೇ ಇತ್ತು. ತುಟಿ ಮುಚ್ಚಿತು.

ಕಾಸುಗಳನ್ನು ಅವನು ಕೋಟಿನ ಜೇಬಿಗೆ ಹಾಕಿಕೊಂಡ. "ಚಹಾ ಸಿದ್ಧವಾಗಿದೆ ಸರ್. ಜಗಲಿಯಲ್ಲಿ ಗಾಳಿ ಚೆನ್ನಾಗಿದೆ."

ಬೂಟುಗಳು ಹೊರಗೆ ಹೋದವು. ಲಿಯನ್ ಹಿಂದಿನ ಮೆಟ್ಟಿಲಿಳಿದು ಬಂದು ಅಮ್ಮನ ಪಕ್ಕ ಕುಳಿತಳು. ಕುಣಿಯುವಷ್ಟು ಸಂತೋಷವಾಗಬೇಕಿತ್ತು. ಬದಲಿಗೆ, ನೆಲ ಒರೆಸಿ ಬಿಸಾಡಿದ ಬಟ್ಟೆಯನ್ನು ಬರಿಗಾಲಲ್ಲಿ ತುಳಿದಂಥ ಹೇಸಿಗೆ.

"ನಾಳೆ ಹುಡುಗನ ಮನೆಗೆ ಹೇಳಿ ಕಳಿಸ್ತೀನಿ," ಅಮ್ಮ ಅಂದಳು. "ನಿಮ್ಮಪ್ಪ ಒಪ್ಪಲಿಲ್ಲ ಅಂತ."

"ಅಪ್ಪನ್ನ ಕೇಳ್ಲೇ ಇಲ್ವಲ್ಲಮ್ಮ."

"ಅದನ್ನ ಹೊರಗಡೆ ಹೇಳ್ಕೊಳ್ಳೋಕಾಗತ್ತಾ?"

ಜಗಲಿಯಲ್ಲಿ ದೊರೆ ಏನಕ್ಕೋ ನಕ್ಕ. ತುಸು ತಡೆದು, ಅದೇ ಸ್ವರದಲ್ಲಿ, ಅಷ್ಟೇ ಉದ್ದಕ್ಕೆ, ಟೆಕ್ ಹೋ ಕೂಡ ನಕ್ಕ.